ಪಾತಿಯಂಚಿನ ಹಲಗೆ

ಪಾತಿಯ ಮಣ್ಣು ಮಳೆಗೆ ಕೊಚ್ಚಿಹೋಗದಂತೆ, ದಾರಿಯ ಗರಿಕೆ ಒಳಗೆ ನುಗ್ಗದಂತೆ ಸುತ್ತಲೂ ಅಡ್ಡ ನಿಲ್ಲಿಸುವ ಮರದ ಹಲಗೆ. ತುಮಕೂರು ಬಳಿಯ ಕೋರ, ಗುಬ್ಬಿ, ಕುಣಿಗಲ್ ಸೀಮೆಗೆ ಇದು ಹಳೆಯ ರೂಢಿಯಲ್ಲ. ಇಲ್ಲಿ ಸೊಪ್ಪಿನ ಮಡಿಗೂ ತೆಂಗಿನ ಪಾತಿಗೂ ಮಣ್ಣಿನ ಬದುವೇ ಅಂಚು, ಅಂಗಳದ ಹೂಗಿಡಗಳಿಗೆ ಕಲ್ಲು. ಬೇಲಿಗೂ ಕಲ್ಲುಕಂಬ ನೆಡುವ ಈ ಬಯಲುಸೀಮೆಯಲ್ಲಿ ಮಣ್ಣಿಗೆ ಮರ ಹೂಳುವುದೆಂದರೆ ಗೆದ್ದಲಿಗೆ ಅನ್ನವಿಟ್ಟಂತೆ. ಅಡಿಕೆ ದಬ್ಬೆ ಮಾತ್ರ ಅಗ್ಗಕ್ಕೆ ಸಿಗುತ್ತಿದ್ದುದರಿಂದ, ಹಾಳಾದಾಗ ಬದಲಿಸಿದರಾಯಿತೆಂದು ಬಳಕೆಯಲ್ಲಿ ಉಳಿಯಿತು.

ಯಾವ ಮರ ಮಣ್ಣಿನಲ್ಲಿ ಎಷ್ಟು ಕಾಲ ಬಾಳುತ್ತದೆಂದು ಅಳೆಯುವ ಕೆಲಸ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ವ್ಯವಸ್ಥಿತವಾಗಿ ನಡೆಯಿತು. ಮರದ ಗೂಟಗಳನ್ನು ಅರ್ಧ ಹೂತು, ಅವು ಕೊಳೆಯುವವರೆಗೆ ಕಾಯುವುದೇ ಪರೀಕ್ಷೆ. ಭಾರತೀಯ ಮಾನಕದಲ್ಲಿ ಸರಾಸರಿ 120 ತಿಂಗಳು ದಾಟಿದ ಮರ ಮೊದಲ ದರ್ಜೆಯದು, 60 ತಿಂಗಳೂ ನಿಲ್ಲದ್ದು ಮೂರನೆಯದು. ಈ ಲೆಕ್ಕ ಮರದ ಒಳತಿರುಳಾದ ಚೇಗಿಗೆ ಮಾತ್ರ ಸಲ್ಲುತ್ತದೆ. ತೇಗವಾದರೂ ಹೊರಸುತ್ತಿನ ಬಿಳಿಮರ ಬೇಗ ಹುಳು ಹಿಡಿಯುತ್ತದೆ. ಆದ್ದರಿಂದ ಸಾಮಿಲ್‌ನಲ್ಲಿ ಮರದ ಹೆಸರು ಕೇಳಿದರೆ ಸಾಲದು, ಹಲಗೆಯ ಕೊನೆಯನ್ನು ತಿರುಗಿಸಿ ಬಣ್ಣ ನೋಡಬೇಕು.

1933ರಲ್ಲಿ ಅದೇ ಸಂಸ್ಥೆಯ ಸೊಂಟಿ ಕಾಮೇಶನ್ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಲವಣಗಳನ್ನು ಬೆರೆಸಿದ ದ್ರಾವಣವನ್ನು ಕಂಡುಹಿಡಿದರು. ಒತ್ತಡದಲ್ಲಿ ಮರದೊಳಕ್ಕೆ ಹೊಗಿಸಿದರೆ ಅದು ನಾರಿಗೆ ಅಂಟಿಕೊಂಡು ನೀರಿಗೆ ಸುಲಭವಾಗಿ ಬಿಡುವುದಿಲ್ಲ. ಕಂಬ, ಬೇಲಿ, ತೋಟದ ಅಂಚು ಎಂದು ಲೋಕವೆಲ್ಲ ಬಳಸಿದ ಈ ವಿಧಾನ ಭಾರತೀಯರೊಬ್ಬರದೆಂಬುದು ನಮ್ಮಲ್ಲಿ ಇನ್ನೂ ಹೆಚ್ಚು ಜನಕ್ಕೆ ತಿಳಿಯಬೇಕು. ಮೈಸೂರು ಸಂಸ್ಥಾನ 1938ರಲ್ಲಿ ಬೆಂಗಳೂರಿನಲ್ಲಿ ತೆರೆದ ಅರಣ್ಯ ಪ್ರಯೋಗಾಲಯವೂ ಮರದ ಗುಣಗಳ ಅಧ್ಯಯನದಲ್ಲಿ ತೊಡಗಿತು. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಮೂಲ ಅದೇ.

ಆದರೆ ಆರ್ಸೆನಿಕ್ ಅಲ್ಪಸ್ವಲ್ಪವಾದರೂ ಪಕ್ಕದ ಮಣ್ಣಿಗೆ ಇಳಿಯುತ್ತದೆ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಬಹುತೇಕ ಮರಕ್ಕೆ ಈ ಉಪಚಾರ ನಿಂತಿತು. ಕ್ರಿಯೊಸೋಟ್ ಎಂಬ ಮರ ಕಾಯುವ ಎಣ್ಣೆ ಕುಡಿದ ಹಳೆಯ ರೈಲ್ವೆ ಸ್ಲೀಪರ್‌ಗಳೂ ತರಕಾರಿ ಪಾತಿಗೆ ಸಲ್ಲವು. ಬೋರಾನ್ ಲವಣ ಅಷ್ಟು ಅಪಾಯಕಾರಿಯಲ್ಲ, ಆದರೆ ಒದ್ದೆ ಮಣ್ಣಿನಲ್ಲಿ ತೊಳೆದುಹೋಗುತ್ತದೆ.

ಬಯಲುಸೀಮೆಯಲ್ಲಿ ಸುಲಭವಾಗಿ ಸಿಗುವ ನೀಲಗಿರಿ ಹಲಗೆ ಬಿಸಿಲಿಗೆ ಸೊಟ್ಟಗಾಗಿ ಸೀಳುತ್ತದೆ. ಸಿಲ್ವರ್ ಓಕ್ ನೋಡಲು ಚೆಂದ, ಮಣ್ಣು ತಾಗಿದರೆ ಬಾಳದು. ಮುದಿ ತೆಂಗಿನಲ್ಲಿ ಬುಡದ ಹೊರಭಾಗವಷ್ಟೇ ಗಟ್ಟಿ, ಒಳಗೆಲ್ಲ ಮೆದು. ಹಲಸಿಗೆ ಹೆಸರಾದ ಗುಬ್ಬಿ ತಾಲ್ಲೂಕಿನ ಚೇಳೂರು ಕಡೆ ಹಳದಿ ಚೇಗಿನ ಹಲಸು ಮೇಲಾದ ಆಯ್ಕೆ, ಆದರೆ ಫಲ ಕೊಡುವ ಮರವನ್ನು ಅಂಚಿಗಾಗಿ ಕಡಿಯುವುದು ಒಪ್ಪತಕ್ಕದ್ದಲ್ಲ. ಗಾಳಿಗೆ ಉರುಳಿದ ಮರ, ಕೆಡವಿದ ಮನೆಗಳ ತೊಲೆ, ಬಾಗಿಲವಾಡಗಳು ಇದಕ್ಕೆ ಸಾಕು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಬಣ್ಣ ಬಳಿದ ತುಂಡನ್ನು ತರಕಾರಿಯ ಬಳಿ ಇಡಬಾರದು. ಗಾಳಿ, ತೇವ, ಮಣ್ಣು ಮೂರೂ ಕೂಡುವ ನೆಲಮಟ್ಟದಲ್ಲೇ ಮರ ಮೊದಲು ಕೊಳೆಯುತ್ತದೆ. ಹಲಗೆಯನ್ನು ಹೂಳದೆ ಜಲ್ಲಿಯ ಮೇಲೆ ನಿಲ್ಲಿಸಿ, ಹೊರಗಿನಿಂದ ಕಬ್ಬಿಣದ ಗೂಟ ಹೊಡೆದರೆ ಆಯುಸ್ಸು ಹೆಚ್ಚುತ್ತದೆ, ಗೆದ್ದಲು ಕಟ್ಟುವ ಮಣ್ಣಿನ ಗೂಡೂ ಹೊರಗಿನಿಂದ ಕಾಣುತ್ತದೆ.