ರೇಡ್ ಕುಸಿದಾಗ ದತ್ತಾಂಶ ಉಳಿಸಿಕೊಳ್ಳುವ ಬಗೆ

ಹಲವು ಹಾರ್ಡ್ ಡಿಸ್ಕ್‌ಗಳನ್ನು ಕೂಡಿಸಿ ಒಂದೇ ಡಿಸ್ಕ್‌ನಂತೆ ಬಳಸುವ ವ್ಯವಸ್ಥೆಗೆ ರೇಡ್ ಎಂದು ಹೆಸರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಲ್ಲಿದ್ದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಹೆಸರು ರೂಢಿಗೆ ಬಂದಿತು. ಲಿನಕ್ಸ್‌ನಲ್ಲಿ ಪ್ರತ್ಯೇಕ ಕಾರ್ಡ್ ಇಲ್ಲದೆ ತಂತ್ರಾಂಶದಿಂದಲೇ ರೇಡ್ ರಚಿಸಬಹುದು. ನೀಲ್ ಬ್ರೌನ್ ಬರೆದ ‘ಎಂಡಿಎಡಿಎಂ’ ಅದನ್ನು ನಿರ್ವಹಿಸುವ ಸಾಧನ.

ರೇಡ್-5 ಒಂದು ಡಿಸ್ಕ್‌ನ ವೈಫಲ್ಯವನ್ನೂ ರೇಡ್-6 ಎರಡು ಡಿಸ್ಕ್‌ಗಳ ವೈಫಲ್ಯವನ್ನೂ ತಾಳಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚು ಡಿಸ್ಕ್‌ಗಳು ಕೈಕೊಟ್ಟರೆ ಇಡೀ ಸಮೂಹ ಸ್ಥಗಿತಗೊಳ್ಳುತ್ತದೆ. ಹಾಗೆಂದ ಮಾತ್ರಕ್ಕೆ ದತ್ತಾಂಶ ನಾಶವಾಯಿತೆಂದು ಅರ್ಥವಲ್ಲ. ಕೇಬಲ್, ವಿದ್ಯುತ್ ಪೂರೈಕೆ ಅಥವಾ ಕಂಟ್ರೋಲರ್‌ನ ದೋಷದಿಂದ ಸುಸ್ಥಿತಿಯಲ್ಲಿರುವ ಡಿಸ್ಕ್‌ಗಳೂ ಒಮ್ಮೆಲೇ ಹೊರಬೀಳುವುದುಂಟು. ಆಗ ವರ್ಷಗಳ ಲೆಕ್ಕಪತ್ರ, ಛಾಯಾಚಿತ್ರಗಳನ್ನು ಅಳಿಸಿಹಾಕುವುದು ದೋಷಕ್ಕಿಂತ ಆತುರವೇ.

ಮೊದಲ ಹೆಜ್ಜೆ

ಡಿಸ್ಕ್‌ಗಳ ಮೇಲೆ ಏನನ್ನೂ ಬರೆಯಬಾರದು. ‘ಎಗ್ಸಾಮಿನ್’ ಆಜ್ಞೆಯಿಂದ ಪ್ರತಿ ಡಿಸ್ಕ್‌ನ ಸೂಪರ್‌ಬ್ಲಾಕ್ ವಿವರವನ್ನು ಓದಿ ಬೇರೆಡೆ ಉಳಿಸಿಡಬೇಕು. ಸಮೂಹದಲ್ಲಿ ಡಿಸ್ಕ್‌ನ ಸ್ಥಾನ, ಚಂಕ್ ಗಾತ್ರ ಹಾಗೂ ‘ಈವೆಂಟ್’ ಸಂಖ್ಯೆ ಅದರಲ್ಲಿರುತ್ತವೆ. ಈವೆಂಟ್ ಸಂಖ್ಯೆಯಲ್ಲಿ ಉಳಿದವಕ್ಕಿಂತ ಬಹಳ ಹಿಂದುಳಿದ ಡಿಸ್ಕ್ ಮೊದಲೇ ಹೊರಬಿದ್ದಿದೆ ಎಂದು ತಿಳಿಯಬೇಕು. ಅದರಲ್ಲಿರುವುದು ಹಳೆಯ ದತ್ತಾಂಶ.

ಬಳಿಕ ಸ್ಮಾರ್ಟ್ ವರದಿಯನ್ನು ಪರಿಶೀಲಿಸಬೇಕು. ಓದಲು ತೊಡಕಾಗುತ್ತಿರುವ ಡಿಸ್ಕ್ ಅನ್ನು ‘ಡಿಡಿರೆಸ್ಕ್ಯೂ’ ತಂತ್ರಾಂಶದಿಂದ, ಅಷ್ಟೇ ಅಥವಾ ಹೆಚ್ಚಿನ ಗಾತ್ರದ ಹೊಸ ಡಿಸ್ಕ್‌ಗೆ ನಕಲು ಮಾಡಿಕೊಳ್ಳಬೇಕು. ಎಲ್ಲ ಡಿಸ್ಕ್‌ಗಳನ್ನೂ ನಕಲಿಸಿಕೊಂಡು, ಮುಂದಿನ ಪ್ರಯೋಗಗಳನ್ನು ನಕಲುಗಳ ಮೇಲೆ ನಡೆಸುವುದೇ ಕ್ಷೇಮ.

ಮರುಜೋಡಣೆ

ಹಳೆಯ ದತ್ತಾಂಶವಿರುವ ಡಿಸ್ಕ್ ಅನ್ನು ಹೊರಗಿಟ್ಟು, ಉಳಿದವನ್ನು ‘ಅಸೆಂಬಲ್’ ಆಜ್ಞೆಗೆ ‘ಫೋರ್ಸ್’ ಸೇರಿಸಿ ಜೋಡಿಸಬೇಕು. ಐದು ಡಿಸ್ಕ್‌ಗಳ ರೇಡ್-5ಕ್ಕೆ ನಾಲ್ಕು ಸಾಕು. ಸಮೂಹ ಚಾಲನೆಗೊಂಡರೆ ಓದಲು ಮಾತ್ರ ತೆರೆದು, ಮುಖ್ಯ ಕಡತಗಳನ್ನು ಮೊದಲು ಹೊರತೆಗೆಯಬೇಕು. ಹೊಸ ಡಿಸ್ಕ್ ಸೇರಿಸಿ ಮರುನಿರ್ಮಿಸುವುದು ಆನಂತರದ ಕೆಲಸ.

‘ಕ್ರಿಯೇಟ್’ ಆಜ್ಞೆ ಕೊನೆಯ ಅಸ್ತ್ರ. ಅದು ಹಳೆಯ ಸೂಪರ್‌ಬ್ಲಾಕ್ ಅನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಎಂಡಿಎಡಿಎಂನ ಹಳೆಯ ಆವೃತ್ತಿಗಳಲ್ಲಿ 64 ಕಿಲೋಬೈಟ್ ಇದ್ದ ಪೂರ್ವನಿಗದಿತ ಚಂಕ್ ಗಾತ್ರ ನಂತರದವುಗಳಲ್ಲಿ 512 ಆಗಿದೆ. ಗಾತ್ರವಾಗಲಿ, ಡಿಸ್ಕ್‌ಗಳ ಅನುಕ್ರಮವಾಗಲಿ ತಪ್ಪಿದಲ್ಲಿ, ಮರುನಿರ್ಮಾಣ ತಾನಾಗಿ ಆರಂಭಗೊಂಡು ಉಳಿದಿದ್ದ ದತ್ತಾಂಶವೂ ಕೆಡಬಹುದು.

ರೇಡ್ ಯಂತ್ರದ ಕೆಲಸ ನಿಲ್ಲದಂತೆ ಕಾಯುತ್ತದೆಯೇ ಹೊರತು ಬ್ಯಾಕಪ್‌ಗೆ ಬದಲಿಯಲ್ಲ. ದತ್ತಾಂಶದ ಇನ್ನೊಂದು ಪ್ರತಿ ಬೇರೊಂದು ಸ್ಥಳದಲ್ಲಿ ಇರಲೇಬೇಕು ಎಂಬುದನ್ನು ಮರೆಯಬಾರದು.