ಗೋಡೆ ಏಳುವ ಮುನ್ನ: ಮದೀನಾದ ಮೊದಲ ಮನೆಗಳೂ ಕೃಷ್ಣಾ ತೀರದ ಮನೆಗಳೂ

ಸ್ವಂತ ಮನೆ ಕಟ್ಟಲು ಹೊರಟವನ ಮನಸ್ಸು ಗೋಡೆ, ಚಾವಣಿ, ಬಾಗಿಲುಗಳ ಸುತ್ತಲೇ ಸುತ್ತುತ್ತಿರುತ್ತದೆ. ಆದರೆ ಮನೆಯ ಹಣೆಬರಹ ಬಹುಪಾಲು ಅದಕ್ಕೂ ಮೊದಲೇ ನಿರ್ಧಾರವಾಗಿರುತ್ತದೆ. ಜಾಗ ಯಾರದು, ನೆಲ ಎಂಥದು, ಪಕ್ಕದವರ ಹಕ್ಕೇನು ಎಂಬ ಮೂರು ಪ್ರಶ್ನೆಗಳಿಗೆ ದೊರೆತ ಉತ್ತರಗಳ ಮೇಲೆಯೇ ಕಲ್ಲು ಕೂರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಜನರಿಗೆ ಈ ಪಾಠವನ್ನು ನದಿಯೇ ಕಲಿಸಿದೆ.

2005, 2019 ಮತ್ತು 2021ರ ಪ್ರವಾಹಗಳನ್ನು ಈ ಭಾಗ ಮರೆತಿಲ್ಲ. ಸಹ್ಯಾದ್ರಿಯಲ್ಲಿ ಮಳೆ ಸುರಿದು ಕೊಯ್ನಾ ಜಲಾಶಯದಿಂದ ನೀರು ಬಿಟ್ಟರೆ, ಇಲ್ಲಿ ಬಿಸಿಲಿದ್ದರೂ ಕೃಷ್ಣೆ ಉಕ್ಕುತ್ತಾಳೆ. ದೂಧಗಂಗಾ, ವೇದಗಂಗಾ ನದಿಗಳೂ ಅವಳೊಡನೆ ಏರುತ್ತವೆ. ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ರಾಷ್ಟ್ರೀಯ ಹೆದ್ದಾರಿಯೇ ನೀರಿನಡಿಯಾದುದನ್ನು ಜನ ಕಂಡಿದ್ದಾರೆ. 2019ರ ಆಗಸ್ಟ್‌ನಲ್ಲಿ ನದಿ ದಂಡೆಯ ಊರುಗಳು ದಿನಗಟ್ಟಲೆ ನೀರಿನಲ್ಲಿ ನಿಂತವು. ಹಳೆಯ ಮಣ್ಣಿನ ಗೋಡೆಗಳೂ ಮೇಲ್ಮುದ್ದೆಯ ಮನೆಗಳೂ ಬಿಸಿಲು, ಚಳಿ ತಡೆಯಲು ಬಹಳ ಒಳ್ಳೆಯವು. ಆದರೆ ನಿಂತ ನೀರಿಗೆ ಬುಡ ನೆನೆದರೆ ಅವು ತಾವಾಗಿಯೇ ಕುಸಿಯುತ್ತವೆ. ಎರೆಮಣ್ಣಿನ ಗುಣವೂ ಇದಕ್ಕೆ ಜೊತೆಗೂಡುತ್ತದೆ. ಅದು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಆದ್ದರಿಂದಲೇ ಬಲ್ಲ ಗೌಂಡಿಗಳು ಎರೆಯ ಪದರವನ್ನು ದಾಟಿ ಗಟ್ಟಿ ನೆಲ ಸಿಗುವವರೆಗೆ ಪಾಯ ತೋಡಿಸುತ್ತಾರೆ. ಗರಸು ತುಂಬಿ ಬಡಿದು ಕೂರಿಸಿದ ಮೇಲೆಯೇ ಕಲ್ಲಿಡುತ್ತಾರೆ.

ಆ ವರ್ಷ ಪೂರ್ತಿ ಬಿದ್ದ ಮನೆಗಳಿಗೆ ರಾಜ್ಯ ಸರಕಾರವು 5 ಲಕ್ಷ ರೂಪಾಯಿ ನೆರವು ಘೋಷಿಸಿತು. ಹಣ ಒಮ್ಮೆಲೇ ಬರುವಂಥದಲ್ಲ. ತಳಪಾಯದಿಂದ ಆರಂಭಿಸಿ ಕೆಲಸ ನಡೆದಂತೆ ಕಂತುಕಂತಾಗಿ ಬರುವಂಥದು. ಹೀಗಿರುವಾಗ ಜಾಗದ ಕಾಗದ ಯಾರ ಹೆಸರಿನಲ್ಲಿದೆ ಎಂಬುದು ಮೊದಲ ಪ್ರಶ್ನೆಯಾಗುತ್ತದೆ. ಅಜ್ಜನ ಹೆಸರಿನಲ್ಲೇ ಉಳಿದ ಉತಾರ, ಬಾಯಿಮಾತಿನಲ್ಲಿ ಮುಗಿದ ಪಾಲು, ಪಂಚಾಯಿತಿಯಲ್ಲಿ ದಾಖಲಾಗದ ಮನೆ ಇವೆಲ್ಲವೂ ಸುಖದ ಕಾಲದಲ್ಲಿ ಸಣ್ಣ ಸಂಗತಿಗಳು. ಗೋಡೆ ಬಿದ್ದ ದಿನ ಅವೇ ದೊಡ್ಡ ಗೋಡೆಗಳಾಗಿ ಎದುರು ನಿಲ್ಲುತ್ತವೆ.

ಇಸ್ಲಾಮೀ ಇತಿಹಾಸದಲ್ಲಿ ಮನೆ ಕಟ್ಟಿದ ಮೊದಲ ಪ್ರಸಂಗವೂ ಜಾಗದ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಕ್ರಿ.ಶ. 622ರಲ್ಲಿ ಪ್ರವಾದಿ ಮುಹಮ್ಮದ್(ಸ) ಮದೀನಾಕ್ಕೆ ಬಂದಾಗ ಅವರಿಗೆ ಅಲ್ಲಿ ಸ್ವಂತ ಸೂರಿರಲಿಲ್ಲ. ಅವರು ಹಝ್ರತ್ ಅಬೂ ಅಯ್ಯೂಬ್ ಅನ್ಸಾರಿ(ರ) ಅವರ ಮನೆಯಲ್ಲಿ ತಿಂಗಳುಗಟ್ಟಲೆ ಅತಿಥಿಯಾಗಿದ್ದರು. ಮಸೀದಿಗೂ ಮನೆಗೂ ಆರಿಸಿದ ಜಾಗವು ಖರ್ಜೂರ ಒಣಗಿಸುವ ಕಣ. ಅದು ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದು. ಅವರು ಅದನ್ನು ದಾನವಾಗಿಯೇ ಕೊಡಲು ಮುಂದಾದರೂ ಪ್ರವಾದಿಯವರು(ಸ) ಒಪ್ಪದೆ ಬೆಲೆ ಕೊಟ್ಟೇ ಕೊಂಡರೆಂದು ವರದಿಯಾಗಿದೆ. ಇಡೀ ಊರೇ ಅವರಿಗೆ ಒಲಿದಿದ್ದ ಆ ಹೊತ್ತಿನಲ್ಲೂ ಅನಾಥರ ಹಕ್ಕು ಮೊದಲು ಇತ್ಯರ್ಥವಾಯಿತು. ಅನಂತರವೇ ನೆಲ ಸಮತಟ್ಟಾಯಿತು, ಕಲ್ಲು ಕೂತಿತು, ಹಸಿ ಇಟ್ಟಿಗೆಗಳನ್ನು ಸಹಾಬಿಗಳೊಂದಿಗೆ ಪ್ರವಾದಿಯವರೂ(ಸ) ಹೊತ್ತರು. ಮಸೀದಿಗೆ ತಾಗಿ ಎದ್ದ ಕೋಣೆಗಳ ಚಾವಣಿ ಎಷ್ಟು ತಗ್ಗಾಗಿತ್ತೆಂದರೆ, ಬಾಲ್ಯದಲ್ಲಿ ಅದು ತಮ್ಮ ಕೈಗೆ ಎಟಕುತ್ತಿತ್ತೆಂದು ಹಸನ್ ಬಸರಿಯವರು ನೆನೆದಿದ್ದಾರೆ.

ಮುಂದೆ ಹಿಜರಿ 17ರಲ್ಲಿ ಕೂಫಾ ನಗರದ ಜೊಂಡಿನ ಗುಡಿಸಲುಗಳು ಬೆಂಕಿಗೆ ತುತ್ತಾದವು. ಇಟ್ಟಿಗೆಯ ಮನೆ ಕಟ್ಟಲು ಜನ ಅನುಮತಿ ಕೇಳಿದಾಗ ಖಲೀಫ ಉಮರ್(ರ) ಒಪ್ಪಿದರು. ಆದರೆ ಒಬ್ಬರು ಮೂರಕ್ಕಿಂತ ಹೆಚ್ಚು ಕೋಣೆ ಕಟ್ಟಬಾರದು, ಎತ್ತರದಲ್ಲಿ ಪೈಪೋಟಿ ನಡೆಸಬಾರದು ಎಂದು ವಿಧಿಸಿದರೆಂದು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ದುರಂತದ ಬಳಿಕ ಗಟ್ಟಿಯಾಗಿ ಕಟ್ಟುವುದು ಬುದ್ಧಿವಂತಿಕೆ, ಅದನ್ನೇ ಆಡಂಬರಕ್ಕೆ ನೆಪವಾಗಿಸುವುದು ಬೇರೆ ಎಂಬ ವಿವೇಕ ಆ ಆಜ್ಞೆಯಲ್ಲಿದೆ.

ಈಗ ನಮ್ಮ ಊರುಗಳತ್ತ ನೋಡೋಣ. ತಂದೆಯ ಜಾಗದಲ್ಲಿ ಅಣ್ಣತಮ್ಮಂದಿರು ಪಾಯ ತೋಡುವಾಗ ಅಕ್ಕತಂಗಿಯರ ಪಾಲನ್ನು ಕೇಳುವವರು ಎಷ್ಟು ಮಂದಿ? ಮಗಳಿಗೂ ಪಿತ್ರಾರ್ಜಿತದಲ್ಲಿ ನಿಗದಿತ ಪಾಲುಂಟೆಂದು ಕುರ್‌ಆನಿನ ಅನ್ನಿಸಾ ಅಧ್ಯಾಯವು ಸ್ಪಷ್ಟವಾಗಿ ಹೇಳುತ್ತದೆ. ಅವಳು ಸಂಕೋಚದಿಂದ ಸುಮ್ಮನಿದ್ದರೆ ಅದು ಬಿಟ್ಟುಕೊಟ್ಟಂತಲ್ಲ. ಬಾಲಕರು ಕೊಡುತ್ತೇವೆಂದರೂ ಬೆಲೆ ತೆತ್ತ ಪ್ರವಾದಿಯ(ಸ) ಅನುಯಾಯಿಗಳು, ಬಾಯಿ ತೆರೆಯದ ತಂಗಿಯ ಪಾಲಿನ ಮೇಲೆ ಗೋಡೆ ಎಬ್ಬಿಸಬಹುದೇ? ಅನ್ಯಾಯವಾಗಿ ಗೇಣು ನೆಲ ಕಬಳಿಸುವುದರ ಕುರಿತು ಹದೀಸಿನಲ್ಲಿ ಕಠಿಣ ಎಚ್ಚರಿಕೆಯಿದೆ. ತನ್ನ ಗೋಡೆಗೆ ನೆರೆಯವನು ತೊಲೆ ಊರುವುದನ್ನೂ ತಡೆಯಬಾರದೆಂಬ ಬೋಧನೆಯಿರುವಾಗ, ನಮ್ಮ ಪ್ಲಿಂತ್ ಏರಿಸುವ ಭರದಲ್ಲಿ ಮಳೆನೀರನ್ನು ಪಕ್ಕದವರ ಅಂಗಳಕ್ಕೆ ತಳ್ಳುವುದು ಹೇಗೆ ಸರಿಯಾದೀತು?

ಆದ್ದರಿಂದ ಮನೆ ಕಟ್ಟುವವರು ಮೊದಲು ವಾರಸುದಾರರೆಲ್ಲರನ್ನೂ ಕೂರಿಸಿ ಪಾಲು ಮುಗಿಸಲಿ, ಬರೆದು ನೋಂದಾಯಿಸಲಿ. ಆಮೇಲೆ ಊರ ಹಿರಿಯರನ್ನು ಕರೆತಂದು 2005 ಮತ್ತು 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ ಗುರುತು ಹಾಕಲಿ. ತಗ್ಗಿನ ಜಾಗವಾದರೆ ಬಿಡಲಿ, ಬಿಡಲಾಗದಿದ್ದರೆ ಆ ಗುರುತಿಗಿಂತ ಮೇಲೆ ನೆಲ ಎತ್ತರಿಸಲಿ. ನೆರೆಯವರೊಂದಿಗೆ ಗಡಿ, ಗಟಾರಗಳ ಮಾತು ಮುಗಿಸಲಿ. ಇಷ್ಟಾದ ಮೇಲೆ ಬಿಸ್ಮಿಲ್ಲಾಹ್ ಎಂದು ಮೊದಲ ಗುದ್ದಲಿ ಹಾಕಲಿ. ಅಲ್ಲಾಹನು ನಮ್ಮ ಮನೆಗಳಲ್ಲಿ ಬರಕತ್ ನೀಡಲಿ, ಇನ್ನೊಬ್ಬರ ಹಕ್ಕಿನ ಭಾರದಿಂದ ಅವುಗಳನ್ನು ದೂರವಿಡಲಿ.