ಎನ್‌ಸಿಎಎ ಪುರುಷರ ಸಾಕರ್ ಚಾಂಪಿಯನ್‌ಷಿಪ್

ಅಮೆರಿಕದ ಕಾಲೇಜು ತಂಡಗಳು ಪ್ರತಿವರ್ಷ ಆಡುವ ನಾಕೌಟ್ ಪಂದ್ಯಾವಳಿ, ಆರಂಭ 1959. ಮೊದಲ ಫೈನಲ್‌ನಲ್ಲಿ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯವು ಬ್ರಿಜ್‌ಪೋರ್ಟ್ ತಂಡವನ್ನು 5-2ರಿಂದ ಸೋಲಿಸಿತು. 1973ರೊಳಗೆ ಸೇಂಟ್ ಲೂಯಿಸ್ ಗೆದ್ದ ಪ್ರಶಸ್ತಿಗಳು ಹತ್ತು, ಅದರಲ್ಲೊಂದು ಜಂಟಿಯಾಗಿ. ಈ ಯಶಸ್ಸಿನ ಬೇರು ಸೇಂಟ್ ಲೂಯಿಸ್ ನಗರದಲ್ಲೇ ಇತ್ತು: ಚರ್ಚುಗಳ ಆಶ್ರಯದಲ್ಲಿ ಹುಡುಗರು ಚಿಕ್ಕಂದಿನಿಂದಲೇ ಆಡಿ ಬೆಳೆದ ಊರದು. 1950ರ ವಿಶ್ವಕಪ್‌ನಲ್ಲಿ ಇಂಗ್ಲೆಂಡನ್ನು ಮಣಿಸಿದ ಅಮೆರಿಕ ತಂಡದ ಹ್ಯಾರಿ ಕಿಯೋ ಇಲ್ಲಿಯವರೇ. ಮುಂದೆ ಅವರು ತರಬೇತುದಾರರಾಗಿ ವಿಶ್ವವಿದ್ಯಾಲಯಕ್ಕೆ ಈ ಹತ್ತರಲ್ಲಿ ಐದು ಪ್ರಶಸ್ತಿ ತಂದುಕೊಟ್ಟರು.

ಪಂದ್ಯಾವಳಿಯ ಅತ್ಯಂತ ರೋಚಕ ಫೈನಲ್ 1985ರದು ಎನ್ನಬೇಕು. ಸಿಯಾಟಲ್‌ನಲ್ಲಿ ಯುಸಿಎಲ್‌ಎ ಮತ್ತು ಅಮೆರಿಕನ್ ವಿಶ್ವವಿದ್ಯಾಲಯ ಏಳು ಹೆಚ್ಚುವರಿ ಅವಧಿ ಸೆಣಸಿದರೂ ಒಂದು ಗೋಲೂ ಬರಲಿಲ್ಲ. ಎಂಟನೆಯದರಲ್ಲಿ ಯುಸಿಎಲ್‌ಎ ಗೆದ್ದಿತು. ವರ್ಜೀನಿಯಾ 1991ರಿಂದ ಸತತ ನಾಲ್ಕು ವರ್ಷ ಚಾಂಪಿಯನ್.